ಹದಿನಾರು ತಲೆಮಾರು, ಒಂದು ಹತ್ತಿಕಡ್ಡಿ

“ಇಪ್ಪತ್ತು ವರ್ಷದ ಜಗಳಾನ ಒಂದೇ ಒಂದು ಹತ್ತಿಕಡ್ಡೀಲಿ ಮುಗಿಸಿಬಿಡ್ತೀನಿ, ನೋಡ್ತಾ ಇರಿ!” ಎಂದು ಸೊಸೆ ಸೊಂಟದ ಮೇಲೆ ಕೈಯಿಟ್ಟು ಘೋಷಿಸಿದಳು.

“ಮೊದಲು ಬಚ್ಚಲ ನಲ್ಲಿ ಸೋರೋದನ್ನ ಮುಗಿಸು” ಎಂದ ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

ಜಗಳ ಮಾವನದು. ಅವರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಕೈ ಸುಮ್ಮನಿರಬೇಕಲ್ಲ? ನಡುಮನೆಯ ಗೋಡೆಯುದ್ದಕ್ಕೂ ವಂಶದ ನಕ್ಷೆ ಬರೆದು ತೂಗುಹಾಕಿದರು. ಹದಿನಾರು ತಲೆಮಾರು! ಒಂದೊಂದು ಚೌಕದೊಳಗೆ ಒಬ್ಬೊಬ್ಬ ಪುರುಷಸಿಂಹ, ಕಪ್ಪು ಶಾಯಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. ಅತ್ತೆ ಇದ್ದಷ್ಟು ದಿನ ಅದರ ಧೂಳು ಒರೆಸಿದರು. ಅವರು ಹೋದ ಮೇಲೆ ಸೊಸೆ ಒರೆಸುತ್ತಾಳೆ. ಕಟ್ಟಕಡೆಗೆ ಗಂಡನ ಚೌಕ, ಅದರ ಕೆಳಗೆ ಮೊಮ್ಮಗನಿಗೆಂದು ಎಳೆದಿಟ್ಟ ಇನ್ನೊಂದು ಖಾಲಿ ಚೌಕ. ಬಂದದ್ದು ಮೊಮ್ಮಗನಲ್ಲ, ಇರುವೆ. ಅಂದರೆ ಮಗಳು, ನಾಲ್ಕು ವರ್ಷ, ಸಕ್ಕರೆ ಡಬ್ಬಿ ಎಲ್ಲಿಟ್ಟರೂ ಹುಡುಕುವವಳು. ಚೌಕ ನಾಲ್ಕು ವರ್ಷದಿಂದ ಖಾಲಿಯೇ ಇತ್ತು.

ಬೀಗದಂಗಡಿ ಇಟ್ಟಿದ್ದ, ಗಂಡ ದೊಡ್ಡಪ್ಪ ಎಂದು ಕರೆಯುವವರು ಮಾವನ ದಾಯಾದಿ. ಇಪ್ಪತ್ತು ವರ್ಷದ ಹಿಂದೆ ತುಂಬಿದ ಮದುವೆಮನೆಯಲ್ಲಿ, “ನಿನ್ನ ಕವಲು ನಮ್ಮದಲ್ಲ ಕಣಯ್ಯ, ಎಲ್ಲಿಂದಲೋ ಬಂದು ಅಂಟಿಕೊಂಡಿದ್ದು” ಅಂದುಬಿಟ್ಟಿದ್ದರು. ಮಾವ ಅವತ್ತೇ ಮನೆಗೆ ಬಂದು ದೊಡ್ಡಪ್ಪನ ಕವಲಿನ ಮೇಲೆ ಬಿಳಿ ಬಣ್ಣ ಬಳಿದರು. ಅಲ್ಲಿಗೆ ಮಾತು ಬಂದ್.

ಈಗ ಮಾವನ ಗಂಟಲಲ್ಲಿ ಗಡ್ಡೆ. ಡಾಕ್ಟರು ತಿಂಗಳುಗಳನ್ನು ಬಿಟ್ಟು ವಾರಗಳಲ್ಲಿ ಮಾತಾಡತೊಡಗಿದ್ದರು. ವಿಕಿರಣ ಚಿಕಿತ್ಸೆ ಕೊಡಿಸಿ ಕೊಡಿಸಿ ಬಾಯಿತುಂಬ ಹುಣ್ಣು. ಆದರೂ ಮಾವನದು ಒಂದೇ ಜಪ: “ನಾನು ಕಣ್ಮುಚ್ಚೋದ್ರೊಳಗೆ ಅವನ ಬಾಯಿ ಮುಚ್ಚಿಸ್ಬೇಕು.”

ಸೊಸೆಯ ಕೆಲಸವೇ ಅದು. ಅವಳ ಪ್ರಯೋಗಾಲಯದಲ್ಲಿ ಹತ್ತಿಕಡ್ಡಿಯಿಂದ ಉಜ್ಜಿ ಗಂಡಸರ ಕೆನ್ನೆಯೊಳಗಿನ ಕೋಶ ತೆಗೆದು ವೈ ಕ್ರೋಮೋಸೋಮ್ ಓದುತ್ತಾರೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಹುಮಟ್ಟಿಗೆ ಬದಲಾಗದೆ ದಾಟುವ ಆಸ್ತಿ ಅದು; ಹೆಂಗಸರಲ್ಲಿ ಇಲ್ಲವೇ ಇಲ್ಲ. ಅದರ ಮೇಲಿನ ಗುರುತುಗಳನ್ನು ಹೋಲಿಸಿದರೆ ಯಾವ ಜನ ಯಾವ ಕಡೆಯಿಂದ ಬಂದರು, ಯಾರು ಯಾರ ಕವಲು ಎಂದು ತಿಳಿಯುತ್ತದೆ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಆಗ ಸಂಶೋಧನೆಗೆಂದು ಒಂದೇ ಮನೆತನದ ಗಂಡಸರನ್ನೇ ಹುಡುಕುತ್ತಿದ್ದರು. ರೋಗಿ ಬಯಸಿದ್ದೂ ಹಾಲು!

“ಮಾವ, ನಾನು ಮಾಡಿಸ್ತೀನಿ. ಆದ್ರೆ ಒಂದು ಷರತ್ತು. ಕವಲು ಒಂದೇ ಅಂತ ಬಂದ್ರೆ ಆ ಖಾಲಿ ಚೌಕದಲ್ಲಿ ಇರುವೆ ಹೆಸರು ಬರೀಬೇಕು.”

ಮಾವ ಚೌಕವನ್ನೂ ಇರುವೆಯನ್ನೂ ನೋಡಿದರು. “ಆಯ್ತಮ್ಮ” ಎಂದರು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ.

ಬೀಗದಂಗಡಿಯಲ್ಲಿ ದೊಡ್ಡಪ್ಪ ಕೇಳುವ ಮೊದಲೇ ಬಾಯಿ ತೆರೆದರು. “ಉಜ್ಜಮ್ಮ, ಚೆನ್ನಾಗಿ ಉಜ್ಜು! ಬಂದ ಕಾಗದಾನ ಅವನ ಮುಖಕ್ಕೆ ಹಿಡಿ!” ಗಂಡನ ಕೆನ್ನೆಯೂ ಆಯಿತು. ಕೊನೆಗೆ ಮಾವ. ಕಡ್ಡಿಯನ್ನು ಅವರ ಕೈಗೆ ಕೊಟ್ಟು, “ಮೂವತ್ತು ಎಣಿಸೋ ತನಕ ಕೆನ್ನೆ ಒಳಗೆ ಉಜ್ಜಿ” ಎನ್ನುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಓಡಿದಳು. ಹಿಂತಿರುಗಿದಾಗ ಕಡ್ಡಿ ಕೊಳವೆಯೊಳಗಿತ್ತು, ಮಾವ ಸೂರು ನೋಡುತ್ತಿದ್ದರು, ಮಂಚದ ಕೆಳಗೆ ಇರುವೆ, “ಇಪ್ಪತ್ತೊಂಬತ್ತು, ಮೂವತ್ತು!” ಎನ್ನುತ್ತಿದ್ದಳು. ಎಂಥ ಜಾಣೆ ನನ್ನ ಮಗಳು ಎಂದು ಮುತ್ತಿಟ್ಟಳು, ಪೆದ್ದಿ!

ಹತ್ತು ದಿನದ ಮೇಲೆ ಮೇಡಂ ಕರೆದರು. ಪರದೆಯ ಮೇಲೆ ದೊಡ್ಡಪ್ಪನ ಗುರುತುಗಳು ಬೆಟ್ಟದ ಸಾಲಿನಂತೆ ಎದ್ದಿದ್ದವು. ಗಂಡನದೂ ಹಾಗೆಯೇ. ಮಾವನದು ಮಾತ್ರ ಇಸ್ತ್ರಿ ಹಾಕಿದ ಹಾಗೆ ಮಟ್ಟಸ.

“ನಿಮ್ಮ ಮಾವ ಎಲ್ಲಮ್ಮ?”

“ಮನೇಲಿದಾರೆ ಮೇಡಂ.”

“ಈ ಕೊಳವೇಲಂತೂ ಇಲ್ಲ. ಇದು ಹೆಂಗಸಿನದು. ನೀನೇ ಮುಟ್ಟಿ ಕೆಡಿಸಿದ್ಯಾ ಅಂತ ಕಡತದಲ್ಲಿರೋ ನಿನ್ನ ಗುರುತಿನ ಜೊತೆ ಹೋಲಿಸಿದೆ. ಸರಿಯಾಗಿ ಅರ್ಧ ನಿನ್ನದು. ನಿನಗೆ ಮಗಳಿದ್ದಾಳಾ?”

ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಹಲ್ಲು ಕಡಿದಳು. ಮಾವನ ಮಂಚದ ಬಳಿ ನಿಂತು ಹೇಳಿಯೇಬಿಟ್ಟಳು: “ಮಾವ, ನೀವು ನಾಲ್ಕು ವರ್ಷದ ಹುಡುಗಿಯಂತೆ!”

ಮಾವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ರಕ್ತ. ಒರೆಸಿಕೊಂಡು ಪಿಸುಗುಟ್ಟಿದರು: “ಆ ಕಡ್ಡಿ ತಾಗಿದ್ರೆ ಪ್ರಾಣ ಹೋಗ್ತಿತ್ತಮ್ಮ. ನೋವು ಅನ್ನೋಕೆ ನಾಚಿಕೆ. ಇವಳ ಬಾಯಿಗೆ ಹಾಕ್ದೆ. ಏನೀಗ? ಇವಳೇನು ಬೇರೆಯವಳಾ? ನನ್ನ ರಕ್ತ ತಾನೆ?”

“ಹಾಗಾದ್ರೆ ಗೋಡೆ ಮೇಲೆ ಯಾಕಿಲ್ಲ?”

ಮಾವ ಇರುವೆಯ ತಲೆ ಸವರಿದರು. ಆಮೇಲೆ, “ನನ್ನ ನಕ್ಷೆ ಪೆನ್ನು ಒಣಗಿಹೋಗಿದೆ. ಬೆಳಿಗ್ಗೆ ತೊಳೆದು ಶಾಯಿ ತುಂಬಿ ಕೊಡು” ಎಂದರು.

ಬೆಳಿಗ್ಗೆ ಅವಳು ಪೆನ್ನನ್ನು ಬಿಸಿನೀರಲ್ಲಿ ತೊಳೆದು, ಶಾಯಿ ತುಂಬಿ, ತನ್ನ ಹೆಬ್ಬೆರಳ ಮೇಲೆ ಗೀಚಿ ನೋಡಿ ತಂದಳು. ಹಿಡಿಯುವ ಕೈ ತಣ್ಣಗಾಗಿತ್ತು.

ದೊಡ್ಡಪ್ಪ ಬಂದರು. ಎಲ್ಲ ಮುಗಿದು ಜನ ಕರಗಿದ ಮೇಲೂ ನಡುಮನೆಯಲ್ಲೇ ಕೂತಿದ್ದರು.

“ಏನು ಬಂತಮ್ಮ ನಿನ್ನ ಕಾಗದ?”

“ಮಾವನದು ಸಿಗಲಿಲ್ಲ. ಆದ್ರೆ ಅವರ ಮಗನದೂ ನಿಮ್ಮದೂ ಇಪ್ಪತ್ಮೂರಕ್ಕೆ ಇಪ್ಪತ್ಮೂರು ಗುರುತು ಹೊಂದಿವೆ. ಕವಲು ಒಂದೇ.”

ದೊಡ್ಡಪ್ಪ ಗೋಡೆಯ ಮೇಲಿನ ಬಿಳಿ ಬಣ್ಣದ ಕಲೆಯನ್ನೇ ನೋಡಿದರು. “ಹಾಳಾದವನು! ಇನ್ನು ನಾನು ಯಾರ ಹತ್ತಿರ ಜಗಳ ಆಡ್ಲಿ?” ಎಂದು ಅಂಗೈಯಿಂದ ಮುಖ ಮುಚ್ಚಿಕೊಂಡರು.

“ತಾತನ ಕಡ್ಡಿ ನಾನೇ ಉಜ್ಜಿದ್ದು! ಮೂವತ್ತು ಎಣಿಸಿದ್ದೂ ನಾನೇ!” ಎಂದಳು ಇರುವೆ, ಅವರ ಮೊಣಕಾಲು ಹಿಡಿದು.

ಸೊಸೆ ಷರತ್ತಿನ ಕಥೆ ಹೇಳಿದಳು. ದೊಡ್ಡಪ್ಪ ಕಣ್ಣೊರೆಸಿಕೊಂಡು ಎದ್ದು, “ತಾ ಆ ಪೆನ್ನು” ಎಂದರು. ಬೀಗದ ತೂತಿಗೆ ಕಣ್ಣು ಕೀಲಿಸಿದಂತೆ ಬಾಗಿ, ಖಾಲಿ ಚೌಕದೊಳಗೆ ಹುಡುಗಿಯ ಹೆಸರು ಬರೆದರು. ಸೊಟ್ಟಗಿತ್ತು. ಸೊಸೆಯ ಕಣ್ಣಿಗೆ ಅಷ್ಟು ಚೆಂದದ ಅಕ್ಷರ ಆ ನಕ್ಷೆಯಲ್ಲಿ ಇನ್ನೊಂದಿರಲಿಲ್ಲ. ಗೆದ್ದೆ! ಎಂದುಕೊಂಡಳು ಮನಸ್ಸಿನಲ್ಲೇ.

ಇರುವೆ ಅಪ್ಪನ ಹೆಗಲೇರಿ, ಬೆರಳಿಟ್ಟು ವಿಚಾರಣೆ ಶುರುಮಾಡಿದಳು. “ಇದು ನಾನು. ಇದು ಯಾರು?”

“ಅಪ್ಪ” ಎಂದರು ದೊಡ್ಡಪ್ಪ.

“ಇದು?”

“ತಾತ. ಅದರ ಮೇಲಿರೋದು ತಾತನ ಅಪ್ಪ.”

ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮೇಲಿನ ತುದಿಯವರೆಗೂ ಹತ್ತಿ ಇಳಿಯಿತು.

“ಅಮ್ಮ, ನೀನೆಲ್ಲಿ? ಅಜ್ಜಿ ಎಲ್ಲಿ?”

ದೊಡ್ಡಪ್ಪ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಗಂಡ ಸೋರುವ ನಲ್ಲಿಯ ಕಡೆ ಕಿವಿ ಕೊಟ್ಟ. ಆರು ವರ್ಷ ಆ ನಕ್ಷೆಯನ್ನು ಅಂಗುಲ ಅಂಗುಲ ಒರೆಸಿದ ಸೊಸೆ ಚೌಕಗಳನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು.

ಇರುವೆಗೆ ಅಮ್ಮನ ಮೇಲೆ ಕನಿಕರ ಉಕ್ಕಿತು.

“ನೀನು ಕಡ್ಡಿ ಉಜ್ಜಿಕೊಂಡಿಲ್ವಾ ಅಮ್ಮ?”