ಗುಂಡನನ್ನು ಕೊಟ್ಟುಬಿಡುವ ದಿನ

ಬೀರುವಿನ ಕನ್ನಡಿಯ ಮುಂದೆ ಅರ್ಧ ಗಡ್ಡ ಹೆರೆದುಕೊಂಡಿದ್ದ ಛಾಯಾಗ್ರಾಹಕ, ನೊರೆಯ ಸಮೇತ ತಿರುಗಿ ನಿಂತು ಘೋಷಿಸಿದ.

“ಇವತ್ತು ಗುಂಡನನ್ನ ಕೊಟ್ಟುಬಿಡ್ತೀನಿ!”

ಹೆಂಡತಿ ಹೊದಿಕೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ.

“ಹೋದ ವಾರವೂ ಕೊಟ್ರಿ.”

“ಅದು ಯೋಚನೆ. ಇದು ತೀರ್ಮಾನ! ಕೆಲಸದ ಸಾಮಾನು ಕೆಲಸಕ್ಕೆ ಅಷ್ಟೆ. ಮೋಹ ಗೀಹ ಇಟ್ಕೊಂಡವನು ಈ ಕಸುಬಿಗೇ ಬರಬಾರದು. ನಾನು ವಿರಕ್ತ!”

“ವಿರಕ್ತರೇ, ಕಿವಿ ಹತ್ತಿರ ನೊರೆ ಇದೆ.”

ವಿರಕ್ತರು ಬಚ್ಚಲು ಬಿಟ್ಟು ಬೀರುವಿನ ಮುಂದೆ ಕ್ಷೌರಕ್ಕೆ ನಿಂತಿದ್ದಕ್ಕೂ ಕಾರಣವಿತ್ತು. ಕ್ಯಾಮೆರಾ ಸ್ಟ್ಯಾಂಡನ್ನು ಬಚ್ಚಲಲ್ಲಿ ತೊಳೆಯಲು ಹೋಗಿ, ಅದರ ಕಾಲು ತಗುಲಿಸಿ, ಅಲ್ಲಿದ್ದ ಕನ್ನಡಿಯನ್ನು ಅವರೇ ಪುಡಿ ಮಾಡಿದ್ದರು. ಹೊಸದು ‘ನಾಳೆ’ ಬರುವುದಿತ್ತು. ಆ ನಾಳೆ ಇನ್ನೂ ಬಂದಿರಲಿಲ್ಲ.

ಗುಂಡ ಎಂದರೆ ಒಂದು ಲೆನ್ಸ್. ಮುಖಗಳನ್ನು ತೆಗೆಯುವುದಕ್ಕೆಂದೇ ಹುಟ್ಟಿದ್ದು. ಮೋಟು, ದಪ್ಪ, ಕೈಗೆ ಕೊಟ್ಟರೆ ಕೈ ಒಂದಿಷ್ಟು ಕೆಳಗಿಳಿಯುವಷ್ಟು ಭಾರ. ಹೆಸರಿಟ್ಟವಳು ಹೆಂಡತಿ. ದಿನವಿಡೀ ಮದುವೆಯೊಂದರ ಫೋಟೊ ತೆಗೆದು ಬಂದವನು ಕೈಕಾಲನ್ನೂ ತೊಳೆಯದೆ ಆ ಲೆನ್ಸನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ಕೂತದ್ದನ್ನು ನೋಡಿ, “ಗುಂಡಂಗೆ ಊಟ ಆಯ್ತಾ? ಇನ್ನು ನಮಗೆ ಬಡಿಸಬಹುದಾ?” ಎಂದು ಕೇಳಿದ್ದಳು. ಅಂದಿನಿಂದ ಅದು ಗುಂಡ.

ಗುಂಡನಿಗೆ ಬರುತ್ತಿದ್ದ ವಿದ್ಯೆ ಒಂದೇ. ಯಾರ ಮುಖದ ಮೇಲೆ ನಿಲ್ಲಿಸಿದರೂ ಆ ಮುಖವೊಂದನ್ನು ಉಳಿಸಿ, ಲೋಕದ ಮಿಕ್ಕ ಸಮಸ್ತವನ್ನೂ ಮಸುಕು ಮಾಡಿಬಿಡುವುದು! ಹಿಂದಿನ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಕೂತು ಆಕಳಿಸುವ ನೆಂಟ, ತುಂಬಿ ತುಳುಕುವ ಕಸದ ಬುಟ್ಟಿ, ಎಲ್ಲವೂ ಬೆಣ್ಣೆಯಂತೆ ಕರಗಿಹೋಗುತ್ತಿದ್ದವು. ಜಗಳಗಂಟಿ ಚಿಕ್ಕಮ್ಮಂದಿರೂ ಗುಂಡನೆದುರು ಕೂತರೆ ಕರುಣಾಮಯಿಗಳಾಗಿ ಕಾಣುತ್ತಿದ್ದರು.

ಅಂಥ ಮುಖಗಳು ಹಜಾರದ ಗೋಡೆಯ ತುಂಬ ಇದ್ದವು. ಊರಿನ ಮದುಮಗಳಂದಿರೆಲ್ಲ ಅಲ್ಲಿ ನಗುತ್ತಿದ್ದರು. ಮನೆಯಾಕೆಯದು ಮಾತ್ರ ಒಂದೂ ಇರಲಿಲ್ಲ. ಕ್ಯಾಮೆರಾ ಎದುರಿಗೆ ಬಂತೆಂದರೆ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತಮ್ಮದೇ ಮದುವೆಯ ಆಲ್ಬಮ್ಮಿನಲ್ಲಿ ಅವಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿದ್ದೆ ಮಾಡಿದ್ದಾಳೆ. ಮೊದಮೊದಲು ಅವನು ಪ್ರಯತ್ನಿಸಿದ. ಆಮೇಲೆ ಅವನು ಕೇಳುವುದನ್ನು ಬಿಟ್ಟ, ಅವಳು ಕೂರುವುದನ್ನು ಬಿಟ್ಟಳು. ಆದರೆ ರಜೆಯ ದಿನ ಗೋಡೆಯ ಫೋಟೊಗಳ ಧೂಳು ಒರೆಸುವಾಗ ಒಂದೊಂದು ಮುಖದ ಮುಂದೆ ಅವಳ ಕೈ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅವನು ಅದನ್ನು ಗಮನಿಸಿದ್ದ. ಗಮನಿಸಿ, ಆ ಫ್ರೇಮಿನಲ್ಲಿ ಧೂಳು ಜಾಸ್ತಿ ಇರಬೇಕು ಅಂದುಕೊಂಡಿದ್ದ.

ಇಂಥ ಗುಂಡನನ್ನು ಕೊಡುವ ಮಾತು ಹುಟ್ಟಿದ್ದು ಹಿಂದಿನ ಮದುವೆಯಲ್ಲಿ. ಹೊರಡುವ ಹೊತ್ತಿಗೆ ಮದುಮಗಳು ಇದ್ದಕ್ಕಿದ್ದಂತೆ ಅಪ್ಪನ ಕೊರಳಿಗೆ ಬಿದ್ದು ಅಳತೊಡಗಿದಳು. ಕಲ್ಲಿನಂತಿದ್ದ ಅಪ್ಪನೂ ಅತ್ತುಬಿಟ್ಟ! ನೆರೆದವರೆಲ್ಲ ಅತ್ತರು. ಛಾಯಾಗ್ರಾಹಕನಿಗೂ ಅಳು ಬಂತು, ಅದಕ್ಕೆ ಕಾರಣ ಬೇರೆ. ಆ ಕ್ಷಣದಲ್ಲಿ ಅವನು ಲೆನ್ಸ್ ಬದಲಿಸುತ್ತಿದ್ದ. ಒಂದು ಕೈಯಲ್ಲಿ ಗುಂಡ, ಇನ್ನೊಂದು ಕೈಯಲ್ಲಿ ಇಡೀ ಗುಂಪು ತೆಗೆಯುವ ಅಗಲದ ಲೆನ್ಸ್, ಕೊರಳಲ್ಲಿ ಬಾಯಿ ತೆರೆದು ನೇತಾಡುವ ಕ್ಯಾಮೆರಾ. ಎಲ್ಲ ಜೋಡಿಸಿ ಕಣ್ಣಿಗೆ ಹಿಡಿಯುವ ಹೊತ್ತಿಗೆ ಅಪ್ಪನ ಕರವಸ್ತ್ರ ಜೇಬಿಗೆ ಮರಳುತ್ತಿತ್ತು. ಅದರ ಫೋಟೊ ಮಾತ್ರ ಅದ್ಭುತವಾಗಿ ಬಂದಿತ್ತು.

ಮದುವೆಗಳ ಏರ್ಪಾಡು ಮಾಡಿ ಅವನಿಗೆ ಕೆಲಸ ಕೊಡಿಸುತ್ತಿದ್ದ ಮೇಡಂ ಆಮೇಲೆ ಕರೆದು ಹೇಳಿದ್ದರು. “ಈ ಭಾನುವಾರದ ಮದುವೆಗೆ ಎರಡು ಕ್ಯಾಮೆರಾ ತರೋದಾದ್ರೆ ಕೆಲಸಕ್ಕೆ ಬನ್ನಿ. ಒಂದೇ ಅಂದ್ರೆ ನೆಂಟರಾಗಿ ಬಂದು ಊಟ ಮಾಡ್ಕೊಂಡು ಹೋಗಿ.”

ಲೆನ್ಸಿಲ್ಲದ ಬರೀ ಕ್ಯಾಮೆರಾಕ್ಕೆ ಈ ಕಸುಬಿನವರು ‘ಬಾಡಿ’ ಅನ್ನುತ್ತಾರೆ. ಇನ್ನೊಂದು ಬಾಡಿ ಇದ್ದರೆ ಎರಡರಲ್ಲೂ ಒಂದೊಂದು ಲೆನ್ಸ್ ಕೂರಿಸಿಟ್ಟುಕೊಳ್ಳಬಹುದು, ಬದಲಿಸುವ ತಾಪತ್ರಯವಿಲ್ಲ. ಅಂಥದೊಂದು ಹೆಚ್ಚುವರಿ ಬಾಡಿ ಇದ್ದದ್ದು ಪಕ್ಕದ ಬೀದಿಯ ಗಡ್ಡನ ಹತ್ತಿರ. ಗಡ್ಡನೂ ಛಾಯಾಗ್ರಾಹಕನೇ. ಗುಂಡನ ಮೇಲೆ ಅವನ ಕಣ್ಣು ಬಿದ್ದು ವರ್ಷಗಳಾಗಿದ್ದವು. ‘ಗುಂಡನ್ನ ಕೊಡು, ಬಾಡಿ ತಗೋ’ ಎಂದಿದ್ದ. ಗಡ್ಡನ ಜತೆ ಒಂದೇ ಸೂರಿನಡಿ ಕೆಲಸ ಮಾಡಲಾರೆ ಎಂದು ಶಪಥ ಮಾಡಿದ್ದ ನಮ್ಮವನು, ಅದಲುಬದಲಿಗೆ ಶಪಥ ಅಡ್ಡಿಯಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ.

ಉಳಿದದ್ದು ಒಂದೇ ಶಾಸ್ತ್ರ. ಊರಿನ ಛಾಯಾಗ್ರಾಹಕರ ಫೋನ್ ಗ್ರೂಪಿನಲ್ಲಿ ಒಂದು ನಿಯಮವಿತ್ತು: ಯಾರು ಏನನ್ನೇ ಅದಲುಬದಲು ಮಾಡಿಕೊಳ್ಳಲಿ, ಅದರ ಸ್ಪಷ್ಟವಾದ ಫೋಟೊ ಮೊದಲು ಎಲ್ಲರೆದುರು ಹಾಕಬೇಕು. ಆಮೇಲೆ ಗೀರಿತ್ತು, ಬೂಷ್ಟು ಹಿಡಿದಿತ್ತು ಎಂದು ತಕರಾರು ಬರಬಾರದು.

ಅವನು ಮುಖ ತೊಳೆದು ಬಂದು ಗುಂಡನನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದ. ಅಗಲದ ಲೆನ್ಸಿನಲ್ಲಿ ಒಂದು ಫೋಟೊ ತೆಗೆದ. ಗುಂಡ ಮುಚ್ಚಳ ಕಳೆದುಹೋದ ಉಪ್ಪಿನ ಡಬ್ಬಿಯಂತೆ ಬಂದ. ಮಗ್ಗುಲಿಗೆ ತಿರುಗಿಸಿ ತೆಗೆದ. ಉಪ್ಪಿನ ಡಬ್ಬಿ ಮಗ್ಗುಲಾಯಿತು. ಜಗತ್ತಿನ ಮುಖಗಳನ್ನೆಲ್ಲ ಬೆಳಗಿದವನಿಗೆ ಕೊನೆಯ ದಿನ ಇಂಥ ಗತಿಯೇ! ಗುಂಡನ ಚೆಲುವನ್ನು ಹಿಡಿಯಬಲ್ಲವನು ಭೂಮಿಯ ಮೇಲೆ ಒಬ್ಬನೇ, ಅವನು ಗುಂಡ.

ಆಗ ಕನ್ನಡಿಯ ನೆನಪಾಯಿತು. ಗುಂಡನನ್ನು ಕ್ಯಾಮೆರಾಕ್ಕೆ ಕೂರಿಸಿ, ಬೀರುವಿನೆದುರು ನಿಂತು, ಕನ್ನಡಿಯಲ್ಲಿ ಗುಂಡನ ಕೈಯಲ್ಲೇ ಗುಂಡನನ್ನು ತೆಗೆಸುವುದು! ತನ್ನ ಬುದ್ಧಿಗೆ ತಾನೇ ತಲೆದೂಗುತ್ತ ಶುರು ಮಾಡಿದ. ಒಮ್ಮೆ ಬಗ್ಗಿ, ಒಮ್ಮೆ ಮಂಡಿಯೂರಿ, ಒಮ್ಮೆ ಉಸಿರು ಕಟ್ಟಿ. ಕಣ್ಣಿಗೆ ಬಿದ್ದದ್ದು ಗುಂಡನೊಬ್ಬನೇ. ಗಾಜಿನ ಆಳದಲ್ಲಿ ಹಸಿರು, ನೇರಳೆ ಬೆಳಕು ಹೊರಳುತ್ತಿತ್ತು.

“ರೀ...”

“ಒಂದೇ ನಿಮಿಷ!”

“ಅಲ್ಲಾರೀ, ನನಗೆ...”

“ಗೊತ್ತು ಕಣೇ. ನಿನಗೂ ಬೇಜಾರಾಗುತ್ತೆ. ಆದ್ರೆ ಮನಸ್ಸು ಗಟ್ಟಿ ಮಾಡ್ಕೋಬೇಕು!”

ಹಿಂದಿನಿಂದ ನಿಟ್ಟುಸಿರೊಂದು ಕೇಳಿತು. ಸ್ವಲ್ಪ ಹೊತ್ತಿಗೆ ಹೊರಬಾಗಿಲು ಧಡ್ ಎಂದಿತು. ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದಳು. ಅವಳಿಗೆ ಹೊತ್ತಾಗಿತ್ತು.

ಅಷ್ಟರಲ್ಲಿ ಗಡ್ಡ ಎರಡು ಸಲ ‘ಎಲ್ಲಿ ಫೋಟೊ?’ ಎಂದು ಕೇಳಿಯಾಗಿತ್ತು. ಇವನು ಚಿತ್ರಗಳನ್ನೆಲ್ಲ ಫೋನಿಗೆ ಇಳಿಸಿಕೊಂಡು, ಸಾಲಾಗಿ ಬಂದ ಪುಟ್ಟ ಪುಟ್ಟ ಚೌಕಗಳ ಮೇಲೆ ಹೆಬ್ಬೆರಳು ಓಡಿಸಿದ. ಈ ಹೆಬ್ಬೆರಳಿಗೆ ಅದರದೇ ಆದ ವರ್ಷಗಳ ಅಭ್ಯಾಸವಿತ್ತು. ಸಾವಿರ ಫೋಟೊಗಳ ನಡುವೆ ಕಣ್ಣು ಚೆನ್ನಾಗಿ ಬಿಟ್ಟಿರುವ, ಮುಖ ಸ್ಪಷ್ಟವಾಗಿರುವ ಒಂದನ್ನು ಯಜಮಾನನನ್ನು ಕೇಳದೆಯೇ ಆರಿಸಿಬಿಡುತ್ತಿತ್ತು. ಈಗಲೂ ಆರಿಸಿತು. ಕೆಳಗೆ ಅವನು ಬರೆದ: ‘ನನ್ನ ಪ್ರೀತಿಯ ಲೆನ್ಸ್. ಕ್ಯಾಮೆರಾ ಬಾಡಿಯ ಬದಲಿಗೆ. ಚಿತ್ರ ನೋಡಿ, ಪ್ರಶ್ನೆಯಿದ್ದರೆ ಕೇಳಿ.’ ಕಳಿಸಿ, ಗುಂಡನನ್ನು ಕೊನೆಯ ಸಲ ಒರೆಸಲು ಕೂತ.

ಫೋನು ಗುಂಯ್‌ಗುಡತೊಡಗಿತು.

‘ಲೆನ್ಸ್ ಎಲ್ಲಿ?’

‘ಕಾಣ್ತಿರೋದು ಅತ್ತಿಗೆ. ಲೆನ್ಸಲ್ಲ.’

‘ಆಹಾ, ಎಂಥ ನೋಟ!’

ತೆರೆದು ನೋಡಿದ.

ಈಗಿನ ಕ್ಯಾಮೆರಾಗಳಿಗೊಂದು ಚಾಳಿ. ಎದುರಿಗೆಲ್ಲೇ ಒಂದು ಕಣ್ಣು ಕಂಡರೂ ಹೇಳದೆ ಕೇಳದೆ ಅಲ್ಲಿಗೇ ಹೋಗಿ ನಿಲ್ಲುತ್ತವೆ. ಅವನ ಕಣ್ಣು ಕ್ಯಾಮೆರಾದ ಹಿಂದಿತ್ತು. ಕನ್ನಡಿಯಲ್ಲಿದ್ದ ಕಣ್ಣು ಅವಳದೊಂದೇ. ಚಿತ್ರದಲ್ಲಿ ಗುಂಡ, ಅವನ ಕೈ, ಬೀರುವಿನ ಅಂಚು ಎಲ್ಲ ಕರಗಿ ಕಂದು ಮಂಜಾಗಿದ್ದವು. ಆ ಮಂಜಿನಾಚೆ, ಅವನ ಹೆಗಲ ಹಿಂದೆ, ಅವಳು. ಒದ್ದೆ ಕೂದಲು ಒಂದು ಕೆನ್ನೆಗೆ ಅಂಟಿತ್ತು. ಕಿಟಕಿಯ ಬೆಳಕು ಹಣೆಯ ಮೇಲೆ ಬಿದ್ದಿತ್ತು. ಕತ್ತು ತುಸು ಮುಂದಕ್ಕೆ ಚಾಚಿ, ತುಟಿ ಬಿಗಿದು, ಏನೋ ಬೇಕು, ಬೇಕೇ ಬೇಕು ಎನ್ನುವಂತೆ ನೋಡುತ್ತಿದ್ದಳು. ಕಣ್ಣು ಪೂರ್ತಿ ತೆರೆದಿತ್ತು.

ಅವನು ಮಂಚದ ಮೇಲೆ ಕೂತ. ಇಂಥದೊಂದು ನೋಟಕ್ಕಾಗಿ ಅವನು ಎಷ್ಟು ಮದುಮಗಳಂದಿರನ್ನು ಗೋಗರೆದಿದ್ದ! ‘ಸ್ವಲ್ಪ ಹಂಬಲ ಬರಲಿ ಕಣ್ಣಲ್ಲಿ’ ಎಂದರೆ ಅವರೆಲ್ಲ ಹೊಟ್ಟೆನೋವು ಬಂದವರಂತೆ ನೋಡುತ್ತಿದ್ದರು. ಹಂಬಲ ಇಲ್ಲೇ, ಈ ಮನೆಯಲ್ಲೇ, ಅವನ ಬೆನ್ನ ಹಿಂದೆಯೇ ನಿಂತಿತ್ತು. ಇವಳು ಹೀಗೆ ನೋಡುತ್ತಾಳೆಯೇ? ಇಷ್ಟು ವರ್ಷ, ತಾನು ತಿರುಗಿ ನಿಂತಾಗಲೆಲ್ಲ?

ಗಡ್ಡ ಫೋನು ಮಾಡಿದ. “ಅದು ಗುಂಡನಲ್ಲೇ ತೆಗೆದಿದ್ದಾ?”

“ಹ್ಞೂಂ.”

“ಕನ್ನಡೀಲಿ ಬಿಂಬ ತೆಗೆದ್ರೇ ಹಿಂಗಾ! ಬೇರೆ ಫೋಟೊ ಬೇಡಪ್ಪ. ಬಾಡಿ ಹಿಡ್ಕೊಂಡು ಈಗಲೇ ಬಂದೆ!”

ಬಂದೇಬಿಟ್ಟ. ಬಾಡಿಯನ್ನು ಮೇಜಿನ ಮೇಲಿಟ್ಟ. ಹಾಳಾದ್ದು, ಅದೂ ಚೆನ್ನಾಗಿತ್ತು! ಕೈಗೆ ಹೇಳಿ ಮಾಡಿಸಿದಂತೆ ಕೂತಿತು. ಗುಂಡಿ ಒತ್ತಿದರೆ ಅದರ ಸದ್ದು ಕಿವಿಗೆ ಹಿತವಾಗಿತ್ತು. ಅದನ್ನು ಹಿಡಿದಾಗ ಗುಂಡ ಬೇಕೆನಿಸುತ್ತಿತ್ತು, ಗುಂಡನನ್ನು ಹಿಡಿದಾಗ ಅದು ಬೇಕೆನಿಸುತ್ತಿತ್ತು. ಕೊನೆಗೆ ಎರಡನ್ನೂ ಎದೆಗವಚಿಕೊಂಡು ಕೂತ.

“ಏನಯ್ಯಾ, ಕೊಡ್ತೀಯೋ ಇಲ್ವೋ?”

“ಅವಳು ನನ್ನ ಹಂಗೆ ನೋಡಿದಾಳೆ ಕಣೋ ಗಡ್ಡ.”

“ಯಾರು, ಗುಂಡನಾ?”

“ನನ್ನ ಹೆಂಡ್ತಿ ಕಣೋ!”

ಗಡ್ಡ ಫೋನಿನಲ್ಲಿ ಚಿತ್ರವನ್ನು ಇನ್ನೊಮ್ಮೆ ನೋಡಿದ. ಗಡ್ಡ ಕೆರೆದುಕೊಂಡ. “ನಮ್ಮನೇಲಿ ಹಂಗೆ ನೋಡಿದ್ದು ಒಂದೇ ಸಲ. ಅದೂ ಬಟ್ಟೆ ಒಗೆಯೋ ಮಶೀನನ್ನ.” ಮತ್ತೆ ಬಗ್ಗಿ ನೋಡಿದ. “ಕೈಯಲ್ಲೇನೋ ಇದೆಯಲ್ಲ, ಏನದು?”

“ಯಾವನಿಗೆ ಗೊತ್ತು, ಮಸುಕಾಗಿದೆ. ಬೇಡದ್ದನ್ನೆಲ್ಲ ಮಸುಕು ಮಾಡೋನೇ ಗುಂಡ!”

“ಹಂಗಾದ್ರೆ ಭಾನುವಾರದ ಗತಿ?”

ಗುಂಡನನ್ನು ಇಟ್ಟುಕೊಂಡರೆ ಮದುವೆಯ ಕೆಲಸ ಕೈತಪ್ಪುತ್ತಿತ್ತು. ಆ ಮೇಡಂ ಒಮ್ಮೆ ಬೇರೆಯವರನ್ನು ಕರೆದರೆ ಮತ್ತೆ ಇತ್ತ ತಿರುಗಿ ನೋಡುವವರಲ್ಲ. ಕೊನೆಗೆ ನಮ್ಮವನು ನೆಲ ನೋಡುತ್ತ, ಜೀವಮಾನದಲ್ಲಿ ಆಡಲಾರೆ ಅಂದುಕೊಂಡಿದ್ದ ಮಾತನ್ನು ಆಡಿದ.

“ಎರಡು ಕ್ಯಾಮೆರಾ ಬೇಕು ಅಂದಿದಾರೆ. ಒಂದೇ ಕೊರಳಲ್ಲಿ ಇರಬೇಕು ಅಂದಿಲ್ಲ. ನೀನೂ ಬಾರೋ.”

“ನಿನ್ನ ಶಪಥ?”

“ಮಸುಕಾಗಿದೆ.”

ಗಡ್ಡ ಮನೆ ನಡುಗುವಂತೆ ನಕ್ಕ. ಮುಖಗಳು ಇವನದು, ಮಿಕ್ಕಿದ್ದೆಲ್ಲ ಗಡ್ಡನದು, ಸಂಪಾದನೆ ಸಮಪಾಲು ಎಂದಾಯಿತು. ಹೋಗುವಾಗ ಗಡ್ಡ ಬಾಡಿಯನ್ನು ಎತ್ತಿಕೊಂಡ. ಅದು ಬಾಗಿಲು ದಾಟುವವರೆಗೂ ಇವನು ನೋಡುತ್ತ ನಿಂತಿದ್ದ.

ಸಂಜೆ ಹೆಂಡತಿ ಬರುವ ಹೊತ್ತಿಗೆ ಭಾಷಣ ಸಿದ್ಧವಾಗಿತ್ತು. ಅವಳು ಚಪ್ಪಲಿ ಬಿಡುವ ಮೊದಲೇ ಅವನು ಎದುರಿಗೆ ನಿಂತ.

“ಕೊಡಲಿಲ್ಲ! ಗುಂಡನನ್ನ ಕೊಡಲಿಲ್ಲ. ಯಾಕೆ ಅಂತ ಕೇಳು.”

“ಯಾಕಂತೆ?”

ಅವನು ಫೋನನ್ನು ಅವಳ ಕೈಗಿಟ್ಟ. ಅವಳು ನೋಡಿದಳು. ಬ್ಯಾಗು ಹೆಗಲಿನಿಂದ ಜಾರಿ ಮೊಣಕೈಗೆ ಬಂದದ್ದೂ ತಿಳಿಯದಂತೆ ನೋಡಿದಳು.

“ಕಣ್ಣು ಬಿಟ್ಟಿದೀನಿ,” ಎಂದಳು, ಮೆಲ್ಲಗೆ.

“ಬಿಟ್ಟಿದೀಯ ಅಂದ್ರೆ! ಊರಲ್ಲಿರೋ ಛಾಯಾಗ್ರಾಹಕರೆಲ್ಲ ಬೆರಗಾಗಿದಾರೆ. ಇಷ್ಟು ವರ್ಷ ನಾನೊಬ್ಬ ಕುರುಡ, ಯಾರ್ಯಾರದೋ ಮುಖ ನೋಡ್ತಾ ತಿರುಗಿದೆ. ಈಗ ನಿಜ ಹೇಳು, ನಾಚ್ಕೋಬೇಡ. ನನ್ನ ಬೆನ್ನ ಹಿಂದೆ ನಿಂತು ಹಾಗೆ ನೋಡ್ತಿದ್ಯಲ್ಲ, ಆ ಕ್ಷಣ ಮನಸ್ಸಲ್ಲಿ ಏನಿತ್ತು?”

ಅವಳು ಚಿತ್ರವನ್ನು ಮತ್ತೊಮ್ಮೆ ನೋಡಿ ನೆನಪಿಸಿಕೊಂಡಳು.

“ಯಾವಾಗ ಬಿಡ್ತೀರಾ ಅಂತ.”

“ಗುಂಡನನ್ನಾ?”

“ಕನ್ನಡೀನ! ಮನೆಗೆಲ್ಲ ಉಳಿದಿರೋದು ಅದೊಂದು. ಅದರ ಮುಂದೆ ನೀವು, ನಿಮ್ಮ ಗುಂಡ! ಇತ್ತ ಬಗ್ಗಿದ್ರೂ ನೀವೇ, ಅತ್ತ ಬಗ್ಗಿದ್ರೂ ನೀವೇ. ನನ್ನ ಮುಖ ನನಗೆ ಕಾಣಲಿಲ್ಲ. ಕೈಯಲ್ಲಿರೋದೇನು ಹೇಳಿ ನೋಡೋಣ?”

ಅವನು ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟು ಹೊತ್ತು ಬರೀ ಮಸುಕಾಗಿದ್ದದ್ದು ಈಗ ಬಾಚಣಿಗೆಯಾಗಿತ್ತು.

“ಬೈತಲೆ ಸೊಟ್ಟ ಇಟ್ಕೊಂಡೇ ಹೋದೆ. ಡಾಕ್ಟರು ಇಡೀ ದಿನ ಪೇಶೆಂಟಿನ ಹಲ್ಲು ಬಿಟ್ಟು ನನ್ನ ತಲೇನೇ ನೋಡ್ತಿದ್ರು!”

ವಿರಕ್ತರು ತಲೆ ತಗ್ಗಿಸಿದರು. ಅವಳು ಒಳಗೆ ಹೋಗಲು ಎರಡು ಹೆಜ್ಜೆ ಇಟ್ಟವಳು ನಿಂತಳು. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು.

“ಇದನ್ನ ದೊಡ್ಡದಾಗಿ ಒಂದು ಪ್ರಿಂಟ್ ಹಾಕ್ಸಿ.”

“ಬಾಚಣಿಗೆ ಇರ್ಲಾ, ತೆಗೀಲಾ?”

“ಇರ್ಲಿ ಬಿಡಿ. ಹೇಗೂ ಮಸುಕಲ್ವಾ.”

ಮರುದಿನ ಗಾಜಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಛಾಯಾಗ್ರಾಹಕ ಅಲ್ಲಿ ನಿಂತಿದ್ದ. ಫ್ರೇಮಿನ ಗಾಜಿಗೆ ಸಂಜೆ ಬನ್ನಿ ಎಂದರು. ಬಚ್ಚಲಿನ ಕನ್ನಡಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಆಗಲೇ ಕೊಟ್ಟರು. ಅವನು ಅದನ್ನು ಕಂಕುಳಲ್ಲಿಟ್ಟುಕೊಂಡು, ಅವಳು ತಲೆ ಬಾಚುವ ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿದ.