ನನ್ನ ಗೊರಕೆಗೆ ಟಗರಿನ ಗಂಟೆ

ನಾನು ಗೊರಕೆ ಹೊಡೆಯುತ್ತೇನೆಂಬ ಆಪಾದನೆಯನ್ನು ಬಹಳ ಕಾಲ ಸಾಕ್ಷ್ಯದ ಕೊರತೆಯಿಂದ ತಳ್ಳಿಹಾಕುತ್ತಿದ್ದೆ. ಹೊಳಲ್ಕೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ ನನಗೆ, ಸ್ವತಃ ಕಂಡು ಕೇಳಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ನಂಬುವ ಅಭ್ಯಾಸವಿಲ್ಲ. ನನ್ನ ಗೊರಕೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಪ್ರಕರಣ ಮುಕ್ತಾಯ!

ನನ್ನ ಹೆಂಡತಿ ಗೌರಮ್ಮ ಮಾತ್ರ ಮೇಲ್ಮನವಿ ಸಲ್ಲಿಸುತ್ತಲೇ ಇದ್ದಳು.

“ಗೊರಕೆ ಹೊಡೀರಿ, ಬ್ಯಾಡ ಅನ್ನಲ್ಲ. ನಡುವೆ ಉಸಿರು ನಿಲ್ಲಿಸ್ತೀರಲ್ಲ, ಅದಕ್ಕೆ ನನ್ನ ಎದೆ ಹೊಡ್ಕಂತೈತೆ. ಗೊರ್ ಗೊರ್ ಅಂತಿದ್ದೋರು ಇದ್ದಕ್ಕಿದ್ದಂಗೆ ಗಪ್‌ಚಿಪ್. ನಾನು ಎದ್ದು ಕುಂತ್ಕಂಡು ಮೂಗಿನತ್ರ ಕೈ ಹಿಡೀತೀನಿ. ಆಮ್ಯಾಕೆ ಬಾವ್ಯಾಗೆ ಮುಳುಗಿ ಎದ್ದೋರಂಗೆ ‘ಹಾ’ ಅಂತ ಉಸಿರು ಎಳ್ಕಂತೀರ.”

“ನನಗೆ ಗೊತ್ತೇ ಆಗಲ್ವಲ್ಲ?”

“ನಿಮಗೆ ಏನು ತಾನೇ ಗೊತ್ತಾಗ್ತೈತೆ!”

ಇದು ಮನೆಯೊಳಗಿನ ವಿಷಯವಾಗಿಯೇ ಉಳಿದಿದ್ದರೆ ನಾನು ಇಂದಿಗೂ ನಿರಪರಾಧಿಯಾಗಿರುತ್ತಿದ್ದೆ. ಆದರೆ ನನ್ನ ನಾದಿನಿ ಲಕ್ಕವ್ವನನ್ನು ನೋಡಲು ಹಿರಿಯೂರು ಕಡೆಯಿಂದ ಗಂಡಿನವರು ಬಂದರು. ಮಾವನ ಮನೆ ತಾಳ್ಯದ ಹತ್ತಿರದ ಒಂದು ಹಟ್ಟಿಯಲ್ಲಿ. ಕುರಿ ಸಾಕಿದ ಮನೆ. ಹಿರಿಯ ಅಳಿಯನಾದ ನನ್ನನ್ನು ಗೌರವದಿಂದ ಕಂಬದ ಪಕ್ಕ ಕೂರಿಸಿದರು. ಗಂಡಿನ ಕಡೆಯ ಹಿರಿಯರು ತಮ್ಮ ನಂಟರನ್ನು ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ನನಗೆ ಹಗಲಿಡೀ ನಿದ್ದೆ ತೂಗುವ ಕಾಯಿಲೆ ಬೇರೆ. ಅವರು ಚಿಕ್ಕಜ್ಜನ ಎರಡನೇ ಹೆಂಡತಿಯ ತಮ್ಮನ ತನಕ ಬಂದದ್ದು ನೆನಪಿದೆ. ಆಮೇಲಿನದ್ದನ್ನು ಗೌರಮ್ಮನ ಬಾಯಿಂದ ಕೇಳಿದೆ. ನಾನು ಹೊಡೆದ ಗೊರಕೆಗೆ ಗಂಡಿನ ಕಡೆಯ ಹೆಂಗಸೊಬ್ಬಳ ಮಡಿಲಿನ ಕೈಗೂಸು ಕಿಟಾರನೆ ಕಿರುಚಿಕೊಂಡಿತಂತೆ. “ನಮ್ಮ ವಂಶದ ಮಾತಂದ್ರೆ ಇವ್ರಿಗೆ ಇಷ್ಟು ಸಸಾರ!” ಎಂದು ಗಂಡಿನವರು ಪಾಯಸದ ಲೋಟ ಕೆಳಗಿಟ್ಟು ಎದ್ದು ಹೋದರಂತೆ.

ಮತ್ತೆ ಕೆಲವು ತಿಂಗಳಿಗೆ ಹೊಸದುರ್ಗದ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಬಸ್ಸಿನ ಕಂಡಕ್ಟರ್. ಲಕ್ಕವ್ವ ಅವನನ್ನು ಬಸ್ಸಿನಲ್ಲಿ ಆಗಲೇ ನೋಡಿದ್ದಳು, ಮೆಚ್ಚಿದ್ದಳು. ನಮ್ಮ ಮನೆಗೆ ಬಂದಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ಭಾವ, ಈ ಸಲ ನಿದ್ದೆ ಮಾಡಬ್ಯಾಡ್ರಿ,” ಎಂದಳು. ಅಷ್ಟೇ ಹೇಳಿದ್ದು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮಾರನೆಯ ದಿನವೇ ಚಿತ್ರದುರ್ಗದ ಬಸ್ಸು ಹತ್ತಿ ಡಾಕ್ಟರ ಬಳಿ ಹೋದೆ.

“ಅಂಗಾತ ಮಲಗಿದ್ರೆ ನಾಲಗೆ ಹಿಂದಕ್ಕೆ ಬೀಳ್ತದೆ, ಉಸಿರಿನ ದಾರಿ ಕಟ್ಟುತ್ತದೆ,” ಎಂದರು ಡಾಕ್ಟರು. “ರಾತ್ರಿ ನಿಮಗೆ ನಿಜವಾದ ನಿದ್ದೇನೇ ಇಲ್ಲ. ಅದಕ್ಕೇ ಹಗಲು ತೂಕಡಿಸ್ತೀರಿ. ಹೊಟ್ಟೆ ಇಳಿಸ್ರಿ, ಮಗ್ಗಲಾಗಿ ಮಲಗ್ರಿ. ಬನಿಯನ್ನಿನ ಬೆನ್ನಿಗೊಂದು ಚೀಲ ಹೊಲಿಸಿ ರಬ್ಬರ್ ಚೆಂಡು ಇಟ್ಕಳ್ರಿ. ಅಂಗಾತ ಆದ್ರೆ ಒತ್ತುತ್ತದೆ, ಎಚ್ಚರ ಆಗ್ತದೆ.”

ಎಂಥ ಸುಲಭ! ಹೊಟ್ಟೆಯ ವಿಷಯವನ್ನು ಮುಂದಿನ ಕ್ರಮಕ್ಕಾಗಿ ಕಾಯ್ದಿರಿಸಿ, ಚೆಂಡಿನ ವಿಷಯವನ್ನು ಕೂಡಲೇ ಜಾರಿಗೆ ತಂದೆ. ಚೆಂಡು ಒತ್ತಿತು. ನನಗೆ ಎಚ್ಚರವಾಗಲಿಲ್ಲ. ಬೆಳಿಗ್ಗೆ ಆತುರದಲ್ಲಿ ಅದೇ ಬನಿಯನ್ನಿನ ಮೇಲೆ ಟೆರಿಲಿನ್ ಶರ್ಟು ಹಾಕಿಕೊಂಡು ಕಚೇರಿಗೆ ಹೋದೆ. ಸಾಹೇಬರು ನನ್ನ ಬೆನ್ನು ನೋಡಿ, ಎಂದೂ ಇಲ್ಲದ ಮೃದು ದನಿಯಲ್ಲಿ, “ಕೆಲಸ ಜಾಸ್ತಿ ಆಯ್ತೇನ್ರಿ?” ಎಂದು ಕೇಳಿದರು. ಅರ್ಧ ದಿನ ರಜೆ ಸಿಕ್ಕಿತು. ಆ ಚೆಂಡಿನಿಂದ ನನಗಾದ ಏಕೈಕ ಪ್ರಯೋಜನ ಅದು!

ಚೆಂಡು ಮೆತ್ತಗಾಯಿತು ಎಂದು ನಾನೇ ಒಂದು ಸುಧಾರಣೆ ಮಾಡಿದೆ. ಭೀಮಸಮುದ್ರದ ಗೆಳೆಯನೊಬ್ಬ ಕೊಟ್ಟಿದ್ದ, ಕಲ್ಲಿನಂತೆ ಗಟ್ಟಿಯಾದ ಗೋಟಡಿಕೆಯನ್ನು ಚೀಲಕ್ಕೆ ತುಂಬಿದೆ. ಬೆಳಗಾಗುವಷ್ಟರಲ್ಲಿ ಬೆನ್ನ ಮೇಲೆ ಚೌಕಾಬಾರದ ಮನೆ ಮೂಡಿತ್ತು. ಗೊರಕೆ ನಿಂತಿರಲಿಲ್ಲ.

ಅಷ್ಟರಲ್ಲಿ ಮಾವ ಕಂಬಳಿ ಮಾರಲು ಸಂತೆಗೆ ಬಂದವರು ನಮ್ಮ ಮನೆಗೂ ಬಂದರು. ಅಡಿಕೆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದು ಎಚ್ಚರ ಆಗೋ ಮನುಷ್ಯಂಗೆ ಸರಿ, ಅಳಿಯಂದ್ರೆ. ನೀವು ಏಳೋರಲ್ಲ. ಏಳೋಳು ನಮ್ಮ ಗೌರಿ. ಗಂಟೆ ಕಟ್ಕಳ್ರಿ! ಅಂಗಾತ ಹೊರಳಿದ್ರೆ ಸದ್ದಾಗ್ತೈತೆ, ಅವಳು ಒಂದು ತಿವೀತಾಳೆ.”

“ನಾನೇನು ಕುರಿಯಾ ಮಾವ?”

“ಕುರಿ ಇಷ್ಟು ಗೊರಕೆ ಹೊಡಿಯಲ್ಲ ಬಿಡ್ರಿ,” ಎಂದ ಮಾವ ಜೇಬಿನಿಂದ ಕುರಿಮರಿಗೆ ಕಟ್ಟುವ ಪುಟ್ಟ ಗಂಟೆ ತೆಗೆದುಕೊಟ್ಟರು.

ಹೇಳಲು ಸಂಕೋಚವಾದರೂ ಹೇಳಲೇಬೇಕು: ಬೆನ್ನಿನ ಚೀಲಕ್ಕೆ ಕಟ್ಟಿಕೊಂಡ ಆ ಗಂಟೆ ಕೆಲಸ ಮಾಡಿತು! ನನ್ನ ನಾಲಗೆ ಹಿಂದಕ್ಕೆ ಬೀಳುವ ಮೊದಲೇ ಗಂಟೆಯ ನಾಲಗೆ ಮಾತಾಡುತ್ತಿತ್ತು. ಗೌರಮ್ಮನ ಮೊಣಕೈ ಪಕ್ಕೆಗೆ ಬೀಳುತ್ತಿತ್ತು. ನಾನು ಮಗ್ಗಲಾಗುತ್ತಿದ್ದೆ. ತಲೆ ಹಗುರವಾಯಿತು. ಕಚೇರಿಯಲ್ಲಿ ಮಧ್ಯಾಹ್ನವೂ ಎಚ್ಚರವಿರತೊಡಗಿದ್ದರಿಂದ ಸಹೋದ್ಯೋಗಿಗಳಿಗೆ ಕಿರಿಕಿರಿಯಾಯಿತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಹೊಸದುರ್ಗದವರು ಬರುವ ದಿನ ಹಟ್ಟಿಗೆ ಹೋದೆವು. ಮಾವ ಕುರಿಗಳನ್ನು ಮೇಯಲು ಬಿಡದೆ ಮನೆಯ ಹಿಂದಿನ ಮುಳ್ಳುಬೇಲಿಯ ರೊಪ್ಪದಲ್ಲೇ ಕೂಡಿಹಾಕಿದ್ದರು. ಬೀಗರಾಗುವವರು ಹಿಂಡಿನ ಅಂದ ನೋಡಲಿ ಎಂದು! ಹಿಂಡಿನ ಮುಂದಾಳು ‘ದೊರೆ’ ಎಂಬ ಟಗರು. ಅದರ ಕಂಚಿನ ದೊಡ್ಡ ಗಂಟೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಫಳಫಳ ಹೊಳೆಯಿಸಿ, ಒಳಗೋಡೆಯ ಮೊಳೆಗೆ ನೇತುಹಾಕಿದ್ದರು.

ನಾನು ಯೋಚಿಸಿದೆ. ಅದೇ ನಾನು ಮಾಡಿದ ತಪ್ಪು. ಜನ ಸೇರಿದಲ್ಲಿ ಗಲಾಟೆ ಇರುತ್ತದೆ. ಗೌರಮ್ಮ ಅಡುಗೆಮನೆಯಲ್ಲಿರುತ್ತಾಳೆ. ನಾನು ತೂಕಡಿಸಿ ಕಂಬಕ್ಕೆ ಒರಗಿದರೆ ಮರಿಯ ಗಂಟೆಯ ಕಿಣಿಕಿಣಿ ಅವಳಿಗೆ ಕೇಳಿಸುವುದೆ? ಲಕ್ಕವ್ವನ ಬಾಳಿನ ಪ್ರಶ್ನೆ! ಯಾರಿಗೂ ಹೇಳದೆ ಮೊಳೆಯಿಂದ ದೊರೆಯ ಗಂಟೆ ಇಳಿಸಿ ಬೆನ್ನಿನ ಚೀಲಕ್ಕೆ ಕಟ್ಟಿಕೊಂಡು, ಮೇಲೆ ಶಲ್ಯ ಹೊದ್ದು, ಫೋಟೋಕ್ಕೆ ಕುಳಿತವನಂತೆ ಅಲ್ಲಾಡದೆ ಕುಳಿತೆ.

ಗಂಡಿನವರು ಬಂದು ಕಂಬಳಿಯ ಮೇಲೆ ಕುಳಿತರು. ಹುಡುಗನ ದೊಡ್ಡಪ್ಪ ತಿಪ್ಪಯ್ಯ ನಂಟರ ವರದಿ ಶುರು ಮಾಡಿದರು. ನನಗೆ ನಿದ್ದೆ ಬರಲಿಲ್ಲ! ಒಂದು ಆಕಳಿಕೆಯೂ ಇಲ್ಲ! ಬಾಗಿಲ ಸಂದಿಯಿಂದ ಲಕ್ಕವ್ವ ನೋಡುತ್ತಿದ್ದಳು. ನಾನು ಕಣ್ಣು ಅಗಲಿಸಿ ಅವಳಿಗೆ ಧೈರ್ಯ ಹೇಳಿದೆ.

“ಇವ್ರು ಹಿರೇ ಅಳಿಯಂದ್ರಾ? ಏನ್ ಮಾಡ್ಕಂಡವ್ರೆ?” ಎಂದರು ತಿಪ್ಪಯ್ಯ.

ಹೆಮ್ಮೆಯಿಂದ ಎದ್ದು, ಬಗ್ಗಿ ಕೈ ಮುಗಿದೆ. ಢಣ್!

ಎಲ್ಲರೂ ಸುತ್ತ ನೋಡಿದರು. ಗಾಬರಿಯಲ್ಲಿ ಥಟ್ಟನೆ ಕುಳಿತೆ. ಢಣ ಢಣ ಢಣ್!

ಹಿತ್ತಲಿನಿಂದ ‘ಬ್ಯಾ’ ಎಂಬ ಒಂದು ದನಿ. ನಂತರ ಹಲವು. ನಂತರ ಇಡೀ ಹಿಂಡು! ಆ ಗಂಟೆ ಅಲ್ಲಾಡಿದರೆ ಮೇಯಲು ಹೊರಡುವ ಹೊತ್ತಾಯಿತೆಂದು ಅವುಗಳ ಲೆಕ್ಕ. ಆ ದಿನ ಮೊದಲೇ ಹಸಿದಿದ್ದವು. ಮುಳ್ಳುಬೇಲಿ ಲಟಲಟ ಮುರಿಯಿತು. ಕುರಿಗಳು ಹಿಂಬಾಗಿಲಿನಿಂದ ನುಗ್ಗಿ, ಅಡುಗೆಮನೆ ದಾಟಿ, ನೇರ ನಡುಮನೆಗೆ ಬಂದವು. ತಟ್ಟೆಯಲ್ಲಿದ್ದ ವೀಳ್ಯದೆಲೆ ಮಾಯವಾಯಿತು. ಒಂದು ಮರಿ ತಿಪ್ಪಯ್ಯನವರ ರುಮಾಲಿನ ತುದಿ ಅಗಿಯತೊಡಗಿತು.

“ಲೇ, ಯಾವನಲೇ ದೊರೆ ಗಂಟೆ ಮುಟ್ಟಿದೋನು?” ಎಂದು ಮಾವ ಕೂಗಿದರು.

ಇಲ್ಲಿ ಇನ್ನು ನಿಲ್ಲುವುದು ತರವಲ್ಲವೆಂದು ಓಡಿದೆ. ಓಡಿದಷ್ಟೂ ಗಂಟೆ ಬಾರಿಸಿತು. ಬಾರಿಸಿದಷ್ಟೂ ಹಿಂಡು ಬೆನ್ನು ಹತ್ತಿತು. ಎಲ್ಲಕ್ಕೂ ಹಿಂದೆ, ತನ್ನ ಹುದ್ದೆ ಕಸಿದವನನ್ನು ವಿಚಾರಿಸಿಕೊಳ್ಳಲು ದೊರೆ ಬರುತ್ತಿತ್ತು. ಹಟ್ಟಿಯ ಹೆಂಗಸರು ನೀರಿನ ಕೊಡ ಇಳಿಸಿ ನಿಂತು ನೋಡಿದರು. “ಗೌರಕ್ಕನ ಗಂಡ ಕುರಿ ಹೊಡ್ಕಂಡು ಹೋಗ್ತಾವ್ನೆ ನೋಡ್ರೇ!” ಎಂದಳೊಬ್ಬಳು. ನನ್ನನ್ನು ಹೊಡೆದುಕೊಂಡು ಹೋಗುತ್ತಿದ್ದುದು ಕುರಿಗಳೇ ಎಂದು ವಿವರಿಸಲು ವ್ಯವಧಾನವಿರಲಿಲ್ಲ. ಟಾರು ರಸ್ತೆಯ ಬಳಿ ದೊರೆ ಹಿಂಡನ್ನು ಸೀಳಿಕೊಂಡು ಬಂದು ನನ್ನನ್ನು ಮುಟ್ಟಿತು. ಎಲ್ಲಿ ಮುಟ್ಟಿತು ಎಂಬುದು ಈ ಬರಹಕ್ಕೆ ಅಗತ್ಯವಿಲ್ಲ.

ಹೊಂಗೆಮರದ ಕೆಳಗೆ ಬಿದ್ದೆ. ಹಿಂಡು ಸುತ್ತ ನಿಂತು ಹುಲ್ಲು ಮೇಯತೊಡಗಿತು. ಲಕ್ಕವ್ವನ ಮುಖ ಕಣ್ಣ ಮುಂದೆ ಬಂತು. ಎರಡು ಸಂಬಂಧ ಮುರಿದ ಭಾವ! ಅವಳಿಗೆ ಇನ್ನು ಹೇಗೆ ಮುಖ ತೋರಿಸಲಿ ಎಂದು ನಿಜವಾಗಿ ಅಳು ಬಂತು. ಅಳುತ್ತಾ ಅಳುತ್ತಾ ನಿದ್ದೆಯೂ ಬಂತು.

ಕಣ್ಣು ಬಿಟ್ಟಾಗ ಮೂಗಿನ ಹತ್ತಿರ ಗೌರಮ್ಮನ ಕೈ ಇತ್ತು. ಅವಳ ಹಿಂದೆ ಮಾವ.

“ಹುಡುಕೋದು ಕಷ್ಟ ಆಗ್ಲಿಲ್ಲ,” ಎಂದಳು. “ಗೊರಕೆ ಅಷ್ಟು ದೂರಕ್ಕೆ ಕೇಳಿಸ್ತು. ಆಮ್ಯಾಕೆ ನಿಂತೋಯ್ತಲ್ಲ, ಓಡಿ ಬಂದೆ.” ಅವಳಿಗೆ ಇನ್ನೂ ಏದುಸಿರು.

“ಲಕ್ಕವ್ವಂದು?”

“ಒಪ್ಪಿಗೆ ಆತು,” ಎಂದರು ಮಾವ. “ತಿಪ್ಪಯ್ಯನೂ ಕುರಿಯೋನೆಯಾ. ನಕ್ಕು ನಕ್ಕು ಸುಸ್ತಾಗಿ, ಒಂದೇ ಗಂಟೆಗೆ ಇಷ್ಟು ಹಿಂಡು ಏಳ್ತೈತೆ ಅಂದ್ರೆ ಮನೆ ಗಟ್ಟಿ ಐತೆ ಅಂದ. ಒಂದೇ ಒಂದು ಷರತ್ತು ಹಾಕವ್ನೆ. ಮದುವೆಗೆ ಎಲ್ರೂ ಬರ್ರಿ, ಆ ಗಂಟೆ ಟಗರೊಂದು ಬ್ಯಾಡ ಅಂದ.”

“ದೊರೆಯನ್ನು ಮದುವೆಗೆ ಯಾರು ಕರೆದುಕೊಂಡು ಹೋಗ್ತಾರೆ ಮಾವ?”

“ಅವ್ನು ಹೇಳಿದ್ದು ದೊರೆಗಲ್ಲ, ಅಳಿಯಂದ್ರೆ.”

ಮಾವ ನನ್ನ ಬೆನ್ನಿನಿಂದ ಗಂಟೆ ಬಿಚ್ಚಿ ದೊರೆಯ ಕೊರಳಿಗೆ ಕಟ್ಟಿದರು. ದೊರೆ ಒಮ್ಮೆ ತಲೆ ಕೊಡವಿತು. ಢಣ್! ಇಷ್ಟು ವರ್ಷದ ಸರ್ಕಾರಿ ಸೇವೆಯಲ್ಲಿ ನನ್ನನ್ನು ನಂಬಿ ಹಿಂದೆ ಬಂದಿದ್ದ ಏಕೈಕ ಸಮೂಹ, ಸರ್ರನೆ ತಿರುಗಿ ಅದರ ಹಿಂದೆ ಹೊರಟಿತು. ಒಂದು ಮರಿಯಾದರೂ ನನ್ನತ್ತ ನೋಡಲಿಲ್ಲ.

“ಏಳ್ರಿ, ಹೋಗಾಣ,” ಎಂದಳು ಗೌರಮ್ಮ.

ಎದ್ದು ಸೊಂಟ ಹಿಡಿದುಕೊಂಡು, ನಾನೂ ಗಂಟೆಯ ಹಿಂದೆ ನಡೆದೆ.