ವೆರಿಫಿಕೇಶನ್‌ಗೆ ಹೋದ ಮನೆಗಳು

ಪೊಲೀಸ್ ವೆರಿಫಿಕೇಶನ್‌ಗೆ ಅಂತ ಒಂದು ಮನೆಗೆ ಹೋಗಿ, ಹೋದ ಕೆಲಸವನ್ನಷ್ಟೇ ಮುಗಿಸಿಕೊಂಡು ಬಂದ ದಿನ ನನಗೆ ನೆನಪಿಲ್ಲ. ಮೊದಲು ನಂಜನಗೂಡು ಕಡೆ, ಆಮೇಲೆ ತಿ. ನರಸೀಪುರ ಕಡೆ, ಹೆಡ್ ಕಾನ್‌ಸ್ಟೇಬಲ್ ಆಗಿ ಹತ್ತು ಹನ್ನೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಕೆಲಸ ದೊಡ್ಡದಲ್ಲ. ಫ್ಯಾಕ್ಟರಿಗೋ ಸ್ಕೂಲಿಗೋ ಸೇರುವವರು ಆನ್‌ಲೈನಿನಲ್ಲಿ ಅರ್ಜಿ ಹಾಕುತ್ತಾರೆ. ಅವರ ಮೇಲೆ ಕೇಸು ಇದೆಯಾ ಅಂತ ಠಾಣೆಯ ದಾಖಲೆ ನೋಡಬೇಕು, ವಿಳಾಸ ಸರಿಯಾ ಅಂತ ಮನೆಗೆ ಹೋಗಬೇಕು, ಅಕ್ಕಪಕ್ಕದವರನ್ನು ಕೇಳಿ ವರದಿ ಬರೆಯಬೇಕು. ಆದರೆ ಯೂನಿಫಾರ್ಮಿನಲ್ಲಿ ಹೋಗಿ ಸ್ಕೂಟರ್ ನಿಲ್ಲಿಸಿದ ಕೂಡಲೇ ಬೀದಿಯವರಿಗೆ ಇದ್ಯಾವುದೂ ಕಾಣುವುದಿಲ್ಲ. ಪೊಲೀಸ್ ಬಂದದ್ದು ಮಾತ್ರ ಕಾಣುತ್ತದೆ.

ಮಗನಿಲ್ಲದ ತಾಯಿ

ಕಳಲೆಯ ಒಬ್ಬ ಯುವಕನಿಗೆ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ನಾನು ಹೋದಾಗ ಅವನ ತಾಯಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವನ ಹೆಸರು ಹೇಳಿ, "ನಿಮ್ಮ ಮಗ ಇದ್ದಾನಾ?" ಅಂದೆ.

"ನಂಗೆ ಮಗ್ನೇ ಇಲ್ಲ ಕಣವ್ವ," ಅಂದರು, ಕಾಯಿಂದ ಕಣ್ಣೆತ್ತದೆ.

ಅವರ ಹಿಂದೆ ಗೋಡೆಯ ಮೇಲೆ, ಅರ್ಜಿಯಲ್ಲಿದ್ದ ಮುಖವೇ ಕಾಲೇಜಿನ ಕರೀ ಗೌನು ಹಾಕಿಕೊಂಡು ನಗುತ್ತಿತ್ತು. "ಆ ಫೋಟೋ ಯಾರದು?" ಅಂದೆ.

"ಅಂಗ್ಡಿಯೋನು ಫ್ರೇಮಿನ್ ಜೊತೇಲೇ ಕೊಟ್ಟ."

ಕೊಟ್ಟಿಗೆ ಕಡೆ ಯಾರೋ ಓಡಿದ ಸದ್ದಾಯಿತು. ನಾನು ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದೆ: ಇದು ಕೇಸಲ್ಲ, ಕೆಲಸದ ವಿಚಾರಣೆ. ಅವನು ಸಿಗದಿದ್ದರೆ ಈ ವಿಳಾಸದಲ್ಲಿ ಇಲ್ಲ ಅಂತ ಬರೆಯಬೇಕಾಗುತ್ತದೆ, ಆಗ ಕೆಲಸಕ್ಕೇ ಕುತ್ತು. ಆಯಮ್ಮನ ಕೈ ನಿಂತಿತು. "ಲೇ, ಬಾರ್ಲಾ ಈಚೆಗೆ, ಕೆಲ್ಸದ್ದಂತೆ," ಅಂತ ಕೂಗಿದರು. ಅವನು ಮೈಗೆಲ್ಲ ಹುಲ್ಲು ಅಂಟಿಸಿಕೊಂಡು ಬಂದು ಸಹಿ ಹಾಕಿದ.

ನಾನು ಏಳುವಾಗ ಆಯಮ್ಮ ಸೆರಗು ಸರಿಮಾಡಿಕೊಂಡು, "ಒಬ್ನಿಗೇ ಯಾಕವ್ವ ಬರ್ಕತೀಯೆ? ಇನ್ನೂ ಇಬ್ರವ್ರೆ. ಅವ್ರಿಗೂ ಬರ್ಕೊಂಡ್ಬುಡು," ಅಂದರು.

ಏಣಿ

ದೇವನೂರಿನ ಒಬ್ಬರು ಸೆಕ್ಯುರಿಟಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ಪಕ್ಕದ ಮನೆಯ ಯಜಮಾನರನ್ನು, "ಇವರಿಂದ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದೆ.

"ಐತೆ, ಬರ್ಕೊಳಿ. ನಮ್ಮ ಏಣಿ ಈಸ್ಕೊಂಡೋಗಿ ಮೂರು ವರ್ಸಾಯ್ತು."

"ಅದು ಇದಕ್ಕೆ ಬರಲ್ಲ. ಠಾಣೇಲಿ ಕೇಸು ಇರಬೇಕು."

"ಅಂಗಾರೆ ಈಗ್ಲೇ ಒಂದು ಕೇಸ್ ಆಕ್ತೀನಿ. ಆಮ್ಯಾಕೆ ಬರ್ಕೊಳಿ."

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಅರ್ಜಿದಾರರು ಎರಡೇ ನಿಮಿಷದಲ್ಲಿ ಏಣಿ ಹೊತ್ತು ತಂದು ಒರಗಿಸಿದರು. ಯಜಮಾನರು ಒಂದೊಂದು ಮೆಟ್ಟಿಲನ್ನೂ ಅಲ್ಲಾಡಿಸಿ ನೋಡಿ, "ಬಾಳ ಒಳ್ಳೆ ಮನ್ಸ ಕಣ್ರೀ," ಅಂತ ಸಹಿ ಮಾಡಿದರು. ಆಮೇಲೆ ನನ್ನ ಸ್ಕೂಟರಿನವರೆಗೂ ಬಂದು ಮೆಲ್ಲಗೆ ಕೇಳಿದರು: "ಮೇಡಮ್ಮೋರೆ, ವರ್ಸಾ ವರ್ಸಾ ಬತ್ತೀರಾ? ಗುದ್ಲಿ ಒಂದು ಉಳ್ಕೊಂಡೈತೆ."

ಮೇಷ್ಟರ ಎರಡು ಹಾಳೆ

ತಿ. ನರಸೀಪುರದಲ್ಲಿ ರಿಟೈರಾದ ಮೇಷ್ಟರೊಬ್ಬರು ಒಂದು ಶಾಲೆಯ ಮಕ್ಕಳಿಗೆ ಸಂಜೆ ಹೊತ್ತು ಸುಮ್ಮನೆ ಲೆಕ್ಕ ಹೇಳಿಕೊಡುತ್ತೇನೆ ಅಂತ ಮುಂದೆ ಬಂದಿದ್ದರು. ಸಂಬಳ ಇರಲಿ ಬಿಡಲಿ, ಮಕ್ಕಳ ಜೊತೆ ಇರುವವರಿಗೆ ವೆರಿಫಿಕೇಶನ್ ಆಗಲೇಬೇಕು ಅಂತ ಶಾಲೆಯವರು ಹೇಳಿದ್ದರು. ನಾನು ಮನೆಗೆ ಹೋಗುವ ಮೊದಲೇ ಮೇಷ್ಟರು ಠಾಣೆಗೆ ಬಂದು, ಎರಡು ಹಾಳೆ ತುಂಬ ಬರೆದದ್ದನ್ನು ನನ್ನ ಮುಂದಿಟ್ಟು ಕೈಕಟ್ಟಿ ನಿಂತರು.

ಓದಿದೆ. ಕಾಲೇಜಿನಲ್ಲಿದ್ದಾಗ ಸೈಕಲ್ಲಿಗೆ ದೀಪವಿಲ್ಲದೆ ಸಿಕ್ಕಿಬಿದ್ದದ್ದು, ಇದೇ ಠಾಣೆಯ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿದ್ದು, ದಫೇದಾರರು ಹೆಸರು ಬರೆದುಕೊಂಡದ್ದು, ಎಲ್ಲವೂ ಇತ್ತು.

"ಇದಕ್ಕೇ ಹೆದರಿ ನಾನು ಪಾಸ್‌ಪೋರ್ಟ್ ಕೂಡ ಮಾಡಿಸಲಿಲ್ಲ ಮೇಡಮ್," ಅಂದರು. "ಆದರೆ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದವನು ಅರ್ಜೀಲಿ ಸುಳ್ಳು ಬರೀಬಾರದಲ್ವಾ."

ಕಂಪ್ಯೂಟರ್ ನೋಡಿದೆ. ಹಳೇ ರಿಜಿಸ್ಟರುಗಳನ್ನೂ ತೆಗೆಸಿದೆ. ಏನೂ ಇರಲಿಲ್ಲ. "ಸಾರ್, ನಿಮ್ಮ ಮೇಲೆ ಯಾವ ಕೇಸೂ ಇಲ್ಲ. ಅವತ್ತು ಬುದ್ಧಿ ಹೇಳಿ ಕಳಿಸಿದ್ದಾರೆ, ಅಷ್ಟೆ."

ಖುಷಿಪಡುತ್ತಾರೆ ಅಂದುಕೊಂಡೆ. ಮುಖ ಗಂಟಾಯಿತು. "ಇನ್ನೊಂದ್ಸಲ ಸರಿಯಾಗಿ ನೋಡಿ. ಹಾಗಾದ್ರೆ ನಲವತ್ತು ವರ್ಷ ನಾನು ಸುಮ್ಮನೆ ಹೆದರಿಕೊಂಡಿದ್ನೇ?"

ಒಂದೇ ಹೆಸರಿನವರು

ನಂಜನಗೂಡು ಸೀಮೆಯಲ್ಲಿ ದೇವರ ಹೆಸರಿಟ್ಟುಕೊಂಡವರು ಬೀದಿಗೆ ನಾಲ್ಕು ಜನ. ಸುತ್ತೂರು ಕಡೆಯ ಒಬ್ಬ ಡ್ರೈವರಿಗೆ ಸ್ಕೂಲ್ ಬಸ್ ಓಡಿಸುವ ಕೆಲಸ ಸಿಗುವುದರಲ್ಲಿತ್ತು. ಎರಡು ಮಕ್ಕಳ ತಂದೆ, ಮೆತ್ತಗಿನ ಮನುಷ್ಯ. ದಾಖಲೆ ನೋಡಿದರೆ ಅವನ ಹೆಸರಿಗೆ ಇಸ್ಪೀಟಿನ ಕೇಸು, ಕೋರ್ಟಿಗೆ ಹೋಗದ್ದಕ್ಕೆ ವಾರಂಟು. ಹೆಸರು, ತಂದೆ ಹೆಸರು, ಊರು ಮೂರೂ ಒಂದೇ.

"ನಾನಲ್ಲ ಮೇಡಮ್, ಅದು ಮೇಗ್ಲು ಬೀದಿಯೋನು," ಅಂತ ಅತ್ತೇಬಿಟ್ಟ. ಸೋಮವಾರದೊಳಗೆ ಸರ್ಟಿಫಿಕೇಟ್ ತಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂತ ಸ್ಕೂಲಿನವರು ಅಂದಿದ್ದರಂತೆ. ಆ ಇನ್ನೊಬ್ಬ ಯಾರು ಅಂತ ನಮಗೂ ಗೊತ್ತಿತ್ತು. ನಾವು ಹೋದಾಗಲೆಲ್ಲ ಅವನು ಊರಲ್ಲಿರುತ್ತಿರಲಿಲ್ಲ. ಆದರೆ ನಮಗೆ ಗೊತ್ತಿದ್ದರೆ ಸಾಲದು, ಇಬ್ಬರೂ ಬೇರೆ ಬೇರೆ ಅಂತ ಕಾಗದದಲ್ಲಿ ಬರಬೇಕು.

ಮಾರನೇ ಬೆಳಿಗ್ಗೆ ಡ್ರೈವರ್ ಅವನನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಆ ಮನುಷ್ಯ ಬಿಳೀ ಅಂಗಿ ತೊಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ. ನೇರ ಇನ್ಸ್‌ಪೆಕ್ಟರ ಮುಂದೆ ಹೋಗಿ ನಿಂತ.

"ಸಾ, ಇವ್ನಿಗೂ ಇಸ್ಪೀಟ್‌ಗೂ ಸಂಬಂಧ ಇಲ್ಲ. ರಾಜ ಯಾವ್ದು ರಾಣಿ ಯಾವ್ದು ಅಂತ್ಲೇ ಗೊತ್ತಿಲ್ಲ ಇವ್ನಿಗೆ. ಕೇಸು ಪೂರಾ ನಂದೇ. ಎಲ್ ಸೈನ್ ಆಕ್ಬೇಕು?"

ಆಧಾರ್ ನೋಡಿ ಹೇಳಿಕೆ ಬರೆದುಕೊಂಡೆವು. ಸಹಿ ಆದ ಮೇಲೆ ಇನ್ಸ್‌ಪೆಕ್ಟರು ವಾರಂಟ್ ತೆಗೆದು ಅವನ ಮುಂದಿಟ್ಟರು.

"ಇದೇನ್ ಸಾ, ನಾನು ಸಾಕ್ಷಿ ಏಳಕ್ಕೆ ಬಂದೋನು."

"ಚೆನ್ನಾಗಿ ಹೇಳಿದೆ. ಅದನ್ನೇ ಕೋರ್ಟಲ್ಲೂ ಹೇಳು."

ಡ್ರೈವರಿಗೆ ಜೀವ ತಡೆಯಲಿಲ್ಲ. ತಾನೂ ಕೋರ್ಟಿಗೆ ಹೋಗಿ ಸಂಜೆವರೆಗೆ ಪಕ್ಕದಲ್ಲೇ ಕೂತಿದ್ದ. ಇಸ್ಪೀಟಿನವನು ತಪ್ಪೊಪ್ಪಿಕೊಂಡು ದಂಡ ಕಟ್ಟಿದ ಮೇಲೆ ಕೇಸು ಮುಗಿಯಿತು.

ಶನಿವಾರ ಡ್ರೈವರಿನ ಸರ್ಟಿಫಿಕೇಟ್ ಆಯಿತು. ಇಬ್ಬರೂ ಒಟ್ಟಿಗೇ ಬಂದರು. ಡ್ರೈವರ್ ಕೈಮುಗಿದು ಹೊರಟರೂ ಇನ್ನೊಬ್ಬ ಬಾಗಿಲಲ್ಲೇ ನಿಂತಿದ್ದ. ಏನಪ್ಪಾ ಅಂದೆ.

"ಮೇಡಮ್, ಅವ್ನಿಗೊಂದು ಬರ್ದ್‌ಕೊಟ್ರಿ. ಮೊನ್ನೆ ನಾನು ಟೇಸನ್‌ಗೆ ಬಂದಿದ್ದು ಒಳ್ಳೆ ಕೆಲ್ಸಕ್ಕೆ ಅಂತ ನಂಗೂ ಒಂದು ಬರ್ದ್‌ಕೊಡಿ. ಮೂರು ದಿವ್ಸದಿಂದ ಏಳ್ತಾ ಇವ್ನಿ, ನಮ್ಮನೆಯವ್ಳು ನಂಬ್ತಾನೇ ಇಲ್ಲ."